ಪರದೆಗೆ ಬೆನ್ನು ಹಾಕಿ ಕೇಳಿದ ಹಾಡು

ಮೂಡುಬಿದಿರೆಯ ಪೇಟೆಯಲ್ಲಿ ನನ್ನ ಸ್ಟುಡಿಯೋ ಇರುವುದು ಒಂದು ಬೇಕರಿಯ ಮೇಲಿನ ಮಾಳಿಗೆಯಲ್ಲಿ. ಮೆಟ್ಟಿಲು ಕಡಿದು. ಹತ್ತಿ ಬರುವವರಲ್ಲಿ ಈಗ ಎರಡೇ ಜಾತಿ ಉಳಿದಿದೆ: ಪಾಸ್‌ಪೋರ್ಟ್ ಫೋಟೋ ಬೇಕಾದವರು ಮತ್ತು ಹಳೆಯ ಕ್ಯಾಸೆಟ್ಟು ಹಿಡಿದುಕೊಂಡು ಬರುವವರು. ಮೊದಲನೆಯವರು ಏದುಸಿರು ಬಿಡುತ್ತಲೇ ಫೋಟೋಕ್ಕೆ ಕೂತು, ಆಮೇಲೆ ಮುಖ ಯಾಕೆ ಹೀಗೆ ಬಂತು ಎಂದು ನನ್ನನ್ನು ಕೇಳುತ್ತಾರೆ. ಎರಡನೆಯವರು ಬಾಗಿಲ ಹತ್ತಿರ ಒಂದು ಕ್ಷಣ ನಿಂತು, ಕ್ಯಾಸೆಟ್ಟನ್ನು ಅಂಗಿಯ ತುದಿಯಿಂದ ಒರೆಸಿ ಒಳಗೆ ಬರುತ್ತಾರೆ. ಒಳಗಿನ ಟೇಪಿಗೆ ಹಿಡಿದ ಬೂಷ್ಟು ಹೊರಗಿನ ಪ್ಲಾಸ್ಟಿಕ್ಕು ಒರೆಸಿದರೆ ಹೋಗುವುದಿಲ್ಲ. ಆದರೂ ನಾನು ಏನೂ ಹೇಳುವುದಿಲ್ಲ. ಒರೆಸಿಯಾದರೂ ತರುತ್ತಾರಲ್ಲ.

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವ. ಬಿಟ್ಟ ಮೇಲೆ ಬಂಟ್ವಾಳದ ಹೋಟೆಲೊಂದರಲ್ಲಿ ಗ್ಲಾಸು ತೊಳೆದೆ, ಆಮೇಲೆ ಬೆಳ್ತಂಗಡಿಯ ಸ್ಟುಡಿಯೋವೊಂದರ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆದೆ. ತೊಳೆಯುವ ಕೆಲಸ ಎರಡೂ ಕಡೆ ಒಂದೇ. ಎರಡನೆಯದರಲ್ಲಿ ನೀರಿನೊಳಗೆ ಮನುಷ್ಯರ ಮುಖ ಮೂಡುತ್ತಿತ್ತು, ಅಷ್ಟು ವ್ಯತ್ಯಾಸ. ವಿಡಿಯೋ ಬಂದಾಗ ಅದನ್ನೂ ಕಲಿತೆ. ಯಾರೂ ಕೂರಿಸಿ ಕಲಿಸಿದ್ದಲ್ಲ. ಮಿಷನು ಬಿಚ್ಚಿ ಹಾಳು ಮಾಡಿ, ಬೈಗುಳ ತಿಂದು, ಮತ್ತೆ ಸರಿ ಮಾಡಿ ಕಲಿತದ್ದು. ಹಾಗೆ ಕಲಿತದ್ದು ಮಂಡೆಯಿಂದ ಇಳಿದು ಹೋಗುವುದಿಲ್ಲ ಎಂದು ನನ್ನ ಅಭಿಪ್ರಾಯ.

ಈಗಿನ ಮದುವೆಗಳಿಗೆ ಡ್ರೋನ್ ಹಾರಿಸುವ ಹುಡುಗರು ಬಂದಿದ್ದಾರೆ. ಮದುಮಕ್ಕಳನ್ನು ಹದ್ದು ನೋಡಿದ ಹಾಗೆ ತೋರಿಸುತ್ತಾರೆ. ಆಗಲಿ. ಆದರೆ ಅದೇ ಹುಡುಗರ ಮನೆಯಲ್ಲಿ ಅಪ್ಪ ಅಮ್ಮನ ಮದುವೆಯ ಕ್ಯಾಸೆಟ್ಟು ಸಿಕ್ಕಿದರೆ ಅದು ಬರುವುದು ನನ್ನ ಮಾಳಿಗೆಗೆ. ಯಾಕೆಂದರೆ ಹಳೆಯ ಕ್ಯಾಮೆರಾದಿಂದ ಫೈರ್‌ವೈರ್ ಎಂಬ ತಂತಿಯ ಮೂಲಕ ಚಿತ್ರ ಇಳಿಸಿಕೊಳ್ಳುವ ಕಂಪ್ಯೂಟರು ಈ ಸುತ್ತಿನಲ್ಲಿ ಉಳಿದಿರುವುದು ನನ್ನಲ್ಲಿ ಮಾತ್ರ. ಹಾಗೆಂದು ನಾನೇ ಹೇಳಿಕೊಂಡು ಬಂದಿದ್ದೇನೆ, ಇದುವರೆಗೆ ಯಾರೂ ಮೆಟ್ಟಿಲು ಹತ್ತಿ ಬಂದು ಸುಳ್ಳು ಎಂದಿಲ್ಲ. ಆ ಕಂಪ್ಯೂಟರಿಗೆ ಇಂಟರ್ನೆಟ್ ತೋರಿಸಿಲ್ಲ. ತೋರಿಸಿದರೆ ತನಗೆ ಎಷ್ಟು ವಯಸ್ಸಾಯಿತು ಎಂದು ಅದಕ್ಕೆ ಗೊತ್ತಾಗಿಬಿಡುತ್ತದೆ.

ಗಿರಾಕಿಗಳಿಗೆ ಅರ್ಥ ಮಾಡಿಸಲು ಕಷ್ಟವಾಗುವ ವಿಷಯ ಒಂದೇ. ಒಂದು ಗಂಟೆಯ ಟೇಪು ಕಂಪ್ಯೂಟರಿಗೆ ಏರಬೇಕಾದರೆ ಒಂದು ಗಂಟೆಯೇ ಬೇಕು. ಟೇಪು ಓಡಬೇಕು, ನಾನು ಕೂರಬೇಕು. “ಪೆನ್‌ಡ್ರೈವಿಗೆ ಹಾಕ್ಲಿಕ್ಕೆ ಒಂದು ಗಂಟೆಯಾ? ನನ್ನ ಮಗ ಇಡೀ ಸಿನಿಮಾ ಚಾ ಕುಡಿಯುವಷ್ಟರಲ್ಲಿ ಹಾಕ್ತಾನೆ,” ಎನ್ನುತ್ತಾರೆ. ಹಾಗಾದರೆ ಮಗನ ಹತ್ತಿರವೇ ಕೊಡಿ ಎನ್ನುತ್ತೇನೆ. ಕೊಡುವುದಿಲ್ಲ.

ತೋಡಾರಿನ ಸಾಹೇಬರು ಬಂದದ್ದು ಅಂಥ ಒಂದು ಮಧ್ಯಾಹ್ನ. ಬಹಳ ವರ್ಷ ಗಲ್ಫಿನಲ್ಲಿದ್ದು ಈಗ ಊರಲ್ಲೇ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಕಿಸೆಯಿಂದ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಕ್ಯಾಸೆಟ್ಟು ತೆಗೆದು ಮೇಜಿನ ಮೇಲಿಟ್ಟರು. ಇಟ್ಟ ಮೇಲೂ ಬೆರಳು ತೆಗೆಯಲಿಲ್ಲ.

“ಅಣ್ಣ, ಇದು ನನ್ನ ತಂಗಿಯ ಮದುವೆದ್ದು. ಹೆಂಗಸರ ಕಡೆದ್ದು.”

“ಆಗ್ಲಿ ಸಾಹೇಬ್ರೆ. ಬುಧವಾರ ಬನ್ನಿ.”

“ಹಾಗಲ್ಲ. ಇದನ್ನು ಗಂಡಸರು ನೋಡ್ಲಿಕ್ಕಿಲ್ಲ.”

“ನೀವು ನೋಡಿದ್ದೀರಲ್ಲ?”

“ಕ್ಯಾಮೆರಾ ದುಬೈಯಿಂದ ಹೊತ್ತುಕೊಂಡು ಬಂದದ್ದು ನಾನು. ಒಳಗೆ ಹೋಗಿ ಶೂಟಿಂಗ್ ಮಾಡಿದ್ದು ನನ್ನ ಹೆಂಡತಿ. ಇಷ್ಟು ವರ್ಷ ಆಯ್ತು, ಈ ಒಂದು ಕ್ಯಾಸೆಟ್ಟು ನಾನೂ ನೋಡಿಲ್ಲ ಮಾರಾಯ್ರೆ. ಊರಿನವರ ಹೆಂಡಂದಿರೆಲ್ಲ ಇದ್ದಾರೆ ಅದ್ರಲ್ಲಿ.”

“ಮತ್ತೆ ನಾನು ಏರಿಸುದು ಹೇಗೆ? ಕಣ್ಣಿಗೆ ಬಟ್ಟೆ ಕಟ್ಟಿಯಾ?”

“ಅದು ನಿಮ್ಮ ವಿದ್ಯೆ. ‘ಆ ಮಾಳಿಗೆಯವನಿಗೆ ಆಗದ್ದು ಯಾವುದುಂಟು’ ಅಂತ ಹೇಳಿ ಉಮ್ಮ ಕಳಿಸಿದ್ದು.”

ಹೊಗಳಿ ಕೆಲಸ ಮಾಡಿಸಿಕೊಳ್ಳುತ್ತಿದ್ದಾರೆ ಎಂದು ಗೊತ್ತಾಯಿತು. ಹೇಳಿದ್ದು ಸುಳ್ಳು ಎಂದು ಮಾತ್ರ ಅನಿಸಲಿಲ್ಲ. ಒಪ್ಪಿಕೊಂಡೆ.

ಉಮ್ಮ ಎಂದರೆ ಅವರ ತಾಯಿ, ಮನೆಯ ಮೊಮ್ಮಕ್ಕಳಿಗೂ ಉಮ್ಮನೇ. ಬ್ಯಾರಿಗಳ ಮದುವೆಮನೆಯಲ್ಲಿ ಮದುಮಗಳನ್ನು ನಡುವೆ ಕೂರಿಸಿ, ಹೆಂಗಸರು ಸುತ್ತ ಕೂತು, ಚಪ್ಪಾಳೆ ತಟ್ಟುತ್ತ ಒಪ್ಪನೆ ಪಾಟು ಹಾಡುವ ಕ್ರಮ ಉಂಟು. ಒಬ್ಬರು ಮುಂದೆ ಹೇಳಬೇಕು, ಉಳಿದವರು ಹಿಂದಿನಿಂದ. ಒಂದು ಕಾಲದಲ್ಲಿ ಹಾಗೆ ಮುಂದೆ ಹೇಳಲು ಈ ಉಮ್ಮನನ್ನು ವಾಮದಪದವಿನಿಂದಲೂ ಅತ್ತ ಕನ್ಯಾನದಿಂದಲೂ ಜೀಪು ಕಳಿಸಿ ಕರೆಸಿಕೊಳ್ಳುತ್ತಿದ್ದರಂತೆ. ಆಮೇಲೆ ಸೌಂಡ್ ಬಾಕ್ಸ್ ಬಂತು, ಅದರ ಹಿಂದೆ ಫೋನು ಬಂತು, ಜೀಪು ಬರುವುದು ನಿಂತಿತು. ಈಗ ಸಾಹೇಬರ ಮಗಳ ಮದುವೆ. ಫೋನಿನ ಹಾಡು ಬೇಡ, ಅಜ್ಜಿಯೇ ಹಾಡಬೇಕು ಎಂದು ಹುಡುಗಿಯ ಹಟ. ಮೊದಲ ಸಾಲು ಬಿಟ್ಟರೆ ಬೇರೇನೂ ನೆನಪಿಲ್ಲ ಎಂದು ಅಜ್ಜಿಯ ಹಟ. ಹಾಡು ಪೂರ್ತಿಯಾಗಿ ಉಳಿದಿರುವುದು ಈ ಕ್ಯಾಸೆಟ್ಟಿನಲ್ಲಿ, ಅವರದೇ ಸ್ವರದಲ್ಲಿ. ಅದನ್ನು ಕೇಳಿ ನೆನಪಾದರೆ ಹಾಡುವುದು, ಇಲ್ಲದಿದ್ದರೆ ಇಲ್ಲ. ಮದುವೆಗೆ ದಿನ ಹೆಚ್ಚಿರಲಿಲ್ಲ.

“ಮಗಳಿಗಿಂತ ಉಮ್ಮನಿಗೇ ಆಸೆ ಜಾಸ್ತಿ ಉಂಟು,” ಎಂದರು ಸಾಹೇಬರು ಬಾಗಿಲ ಹತ್ತಿರ ತಿರುಗಿ ನಿಂತು. “ಬಾಯಿ ಬಿಟ್ಟು ಹೇಳುದಿಲ್ಲ. ಅಷ್ಟು ಜನರ ಎದುರು ಹಾಡ್ಲಿಕ್ಕೆ ಕೂತು ನಡುವಿನಲ್ಲಿ ನಿಂತು ಹೋದ್ರೆ ಅಂತ ಹೆದರಿಕೆ.”

ಮರುದಿನ ಬೆಳಗ್ಗೆ ಅಂಗಡಿ ತೆರೆದು ಮಾನಿಟರಿಗೆ ಬೆವರು ಒರೆಸುವ ನನ್ನ ಬೈರಾಸು ಹೊದಿಸಿದೆ. ಗುಂಡಿಗಳು ಎಲ್ಲೆಲ್ಲಿ ಉಂಟು ಎಂದು ಕೈಗೆ ಗೊತ್ತು, ಕಣ್ಣು ಬೇಕಾಗಿರಲಿಲ್ಲ. ನನ್ನ ಹಳೆಯ ಕ್ಯಾಮೆರಾ ಕ್ಯಾಸೆಟ್ಟು ಓಡಿಸುತ್ತದೆ, ಆದರೆ ಅದರ ಸ್ಪೀಕರು ಸತ್ತು ಕಾಲವಾಗಿದೆ, ಟೀವಿಗೆ ಕೊಡುವ ತೂತೂ ಮುರಿದಿದೆ. ಫೈರ್‌ವೈರ್ ತೂತು ಒಂದು ಸರಿ ಉಂಟು. ಹಾಗಾಗಿ ಟೇಪಿನಲ್ಲಿ ಏನಿದ್ದರೂ ಅದು ಕಂಪ್ಯೂಟರಿಗೆ ಏರಿದ ಮೇಲೆ ಅದರ ಬಾಯಿಂದಲೇ ಬರಬೇಕು. ಏರಿಸಿ, ಸುರುವಿನ ಸ್ವಲ್ಪ ಓಡಿಸಿದೆ.

ಬಂತು. ಬೈರಾಸಿನ ಹಿಂದಿನಿಂದ ಇಲಿಮರಿಗಳ ಮದುವೆ ಕೇಳಿದ ಹಾಗೆ ಕೇಳಿತು. ಸ್ವರಗಳೆಲ್ಲ ಕೀಚು ಕೀಚು, ಚಪ್ಪಾಳೆ ಬಿಸಿ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ. ನಡುವೆ ಹೊರಗಿನಿಂದ ಅಡುಗೆಯವನೊಬ್ಬ ತುಪ್ಪದ ಡಬ್ಬ ಕೇಳುತ್ತಾನೆ. ಅವನ ಸ್ವರವೂ ಅಂಗನವಾಡಿಯ ಮಗುವಿನದ್ದು.

ವೇಗ ತಪ್ಪಿದರೆ ನಾನು ಮೊದಲು ಟೇಪನ್ನೇ ಗುಮಾನಿ ಮಾಡುವವ. ನಮ್ಮ ಕರಾವಳಿಯ ತೇವಕ್ಕೆ ಟೇಪು ಒಂದಕ್ಕೊಂದು ಅಂಟುತ್ತದೆ, ಓಡುವಾಗ ಎಳೆದಾಡುತ್ತದೆ. ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿದೆ. ಕ್ಯಾಮೆರಾದ ತಲೆ ಒರೆಸಿದೆ. ಇಲಿಗಳು ಹಾಗೆಯೇ ಇದ್ದವು. ಆಮೇಲೆ ಸಾಹೇಬರ ಮೇಲೆ ಗುಮಾನಿ ಬಂತು. ಗಲ್ಫಿನಿಂದ ಬರುವವರು ಒಂದೇ ಕ್ಯಾಸೆಟ್ಟಿನಲ್ಲಿ ಇಡೀ ಮದುವೆ ಹಿಡಿಸಬೇಕೆಂದು ಟೇಪನ್ನು ನಿಧಾನ ಓಡಿಸುವ ಗುಂಡಿ ಒತ್ತುತ್ತಿದ್ದರು. ಫೋನ್ ಮಾಡಿ ಕೇಳಿದೆ. “ನಾನು ಅಷ್ಟು ಜಿಪುಣ ಅಲ್ಲ ಅಣ್ಣ,” ಎಂದು ಬೇಸರ ಮಾಡಿಕೊಂಡರು. ತಂತಿ ಬದಲಾಯಿಸಿದೆ. ಕಂಪ್ಯೂಟರಿನ ಹೊಟ್ಟೆ ತುಂಬಿದರೆ ಅದು ನಡುನಡುವೆ ಚಿತ್ರ ನುಂಗುತ್ತದೆ, ನುಂಗಿದಷ್ಟು ವಿಡಿಯೋ ಗಿಡ್ಡವಾಗಿ ಓಡುತ್ತದೆ. ಹಾಗಾಗಿ ಯಾರೂ ತೆಗೆದುಕೊಂಡು ಹೋಗದ ಮದುವೆಗಳನ್ನೆಲ್ಲ ಅಳಿಸಿ ಜಾಗ ಮಾಡಿದೆ. ಆಗಲೂ ಇಲಿಗಳೇ. ಬೇರೆ ಟೇಪಾಗಿದ್ದರೆ ಪರದೆಯ ಕಡೆ ಒಮ್ಮೆ ನೋಡಿದ್ದರೆ ಸಾಕಿತ್ತು: ಚಿತ್ರವೂ ಓಡುತ್ತಿದೆಯೋ, ಸ್ವರ ಮಾತ್ರವೋ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಬೈರಾಸು ನನ್ನದೇ, ಅಂಗಡಿ ನನ್ನದೇ. ಆದರೂ ಎತ್ತಲಿಲ್ಲ. ಒಪ್ಪಿಕೊಂಡದ್ದು ಒಪ್ಪಿಕೊಂಡ ಹಾಗೆ ಇರಬೇಕು.

ಅಷ್ಟರಲ್ಲಿ ಸಾಹೇಬರ ಮಗಳ ಫೋನು ಬಂತು. “ಅಂಕಲ್, ಹಾಡು ಮಾತ್ರ ಕಳಿಸ್ತೀರಾ? ನನ್ನ ಫ್ರೆಂಡ್ಸ್ ಹಿಂದಿನಿಂದ ಹಾಡ್ಲಿಕ್ಕೆ ಕಲೀಬೇಕು.” ಸ್ವರದ ವೇಗ ಸರಿ ಇಲ್ಲ, ತಾಳು ಎಂದೆ. ಆಗಬಹುದು, ಹೇಗಿದ್ದರೂ ಕಳಿಸಿ ಎಂದಳು. ಕಳಿಸಿದೆ. ಎರಡನೆಯ ಸಲ ಫೋನು ಬಂದಾಗ ಹುಡುಗಿಯ ಸ್ವರ ಸಣ್ಣಗಾಗಿತ್ತು.

“ಅಂಕಲ್, ಉಮ್ಮ ಹಾಡುದಿಲ್ಲಂತೆ.”

“ಯಾಕಮ್ಮ? ನೆನಪಾಗ್ಲಿಲ್ವಾ?”

“ನಾಲ್ಕು ಸರ್ತಿ ಕೇಳಿದ್ರು. ಮತ್ತೆ ಫೋನು ಕವುಚಿ ಇಟ್ರು. ‘ನಾನು ಆಗ ಹೀಗೆ ಹಾಡಿದವಳು, ಈಗ ಈ ಓಟ ನನ್ನಿಂದ ಆಗ್ಲಿಕ್ಕಿಲ್ಲ’ ಅಂತ.”

ವೇಗದ ದೋಷ ಎಂದರೆ ಚಿತ್ರ ಕುಣಿಯುವುದು, ಸ್ವರ ಕೀರಲಾಗುವುದು, ಗಿರಾಕಿ ಬೈಯುವುದು. ಇದಿಷ್ಟೇ ಎಂದು ನಾನು ತಿಳಿದುಕೊಂಡಿದ್ದೆ. ಮನುಷ್ಯರು ಅದನ್ನು ನಂಬಿ, ತಮ್ಮನ್ನೇ ಅದಕ್ಕೆ ಅಳೆದುಕೊಂಡು, ಸೋತೆ ಎಂದು ಕೂರುತ್ತಾರೆಂದು ಗೊತ್ತಿರಲಿಲ್ಲ. ಉಮ್ಮನನ್ನು ಒಮ್ಮೆ ಕರೆದುಕೊಂಡು ಬಾ, ಚಿತ್ರ ಅವರೇ ನೋಡಲಿ ಎಂದೆ.

ಕರೆದುಕೊಂಡು ಬಂದವರು ಸಾಹೇಬರು. ಉಮ್ಮ ಮೆಟ್ಟಿಲು ಹತ್ತಿ ಬಂದು, ಮುಖದ ಬೆವರು ಒರೆಸಿ, ಪಾಸ್‌ಪೋರ್ಟ್ ಫೋಟೋದ ಕುರ್ಚಿಯಲ್ಲಿ ಕೂತರು. ಮಗನನ್ನು ಅಲ್ಲಿಂದಲೇ ಕೆಳಗೆ ಓಡಿಸಿದರು: “ನೀನು ಹೋಗಿ ಬೇಕರಿಯಲ್ಲಿ ಚಾ ಕುಡಿ. ಇದು ನಿನಗೆ ನೋಡುವಂಥದ್ದಲ್ಲ.” ಬಾಗಿಲು ಪೂರ್ತಿ ತೆರೆದಿಟ್ಟೆ. ನಾವು ಮಾತಾಡಿದ್ದು ತುಳುವಿನಲ್ಲಿ, ಉಮ್ಮನ ಸಿಟ್ಟು ಮಾತ್ರ ಬ್ಯಾರಿಯಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ, ‘ಮಗನೇ’ ಎನ್ನುವ ಅವರ ‘ಮೋನೇ’ ಒಂದನ್ನು ಹಾಗೆಯೇ ಬಿಟ್ಟಿದ್ದೇನೆ.

“ನನ್ನ ಹಾಡು ಸರಿ ಇಲ್ಲ ಅಂತ ಹೇಳಿದ್ದು ನೀನಾ?”

“ಹಾಡು ಸರಿ ಉಂಟು ಉಮ್ಮ. ಓಟ ಸರಿ ಇಲ್ಲ. ಮಿಷನಿನ ತಪ್ಪು.”

“ನಾನು ಹಾಡ್ತಾ ಇದ್ದದ್ದೇ ಹಾಗೆ ಮೋನೇ. ಒಂದು ಉಸಿರಿಗೆ ನಾಲ್ಕು ಸಾಲು ಹೇಳ್ತಿದ್ದೆ. ನೀನು ಆಗ ಎಲ್ಲಿದ್ದೆ?”

“ಬೆಳ್ತಂಗಡಿಯಲ್ಲಿ.”

“ಬೆಳ್ತಂಗಡಿಗೆ ಕೇಳಿತಾ ನನ್ನ ಹಾಡು?”

“ಇಲ್ಲ ಉಮ್ಮ. ಆದ್ರೆ ಆ ಸ್ವರ ನೋಡಿ. ಅಷ್ಟು ತೆಳು ಸ್ವರ ಮಕ್ಕಳಿಗೂ ಇರುದಿಲ್ಲ.”

“ನನ್ನದು ತೆಳುವೇ ಇತ್ತು. ಈ ಥೈರಾಯ್ಡಿನ ಮಾತ್ರೆ ತಿಂದು ತಿಂದು ದಪ್ಪ ಆದದ್ದು.”

ನನ್ನ ಹತ್ತಿರ ಇನ್ನೊಂದು ಸಾಕ್ಷಿ ಇತ್ತು. “ನಡುವಿನಲ್ಲಿ ಅಡುಗೆಯವ ತುಪ್ಪ ಕೇಳ್ತಾನಲ್ಲ, ಅವನ ಸ್ವರವೂ ಮಗುವಿನ ಹಾಗೆ ಉಂಟು. ಅದು ಹೇಗೆ?”

ಉಮ್ಮ ಸ್ವಲ್ಪ ಯೋಚಿಸಿದರು. “ಅವನ ಸ್ವರ ಹಾಗೆಯೇ ಇದ್ದಿರಬೇಕು. ಪಾಪ, ಒಳ್ಳೆ ಜನ. ಅದನ್ನೆಲ್ಲ ಆಡಿಕೊಳ್ಬಾರ್ದು.”

ಎದುರಿಗೆ ಕೂತದ್ದು ನನ್ನಷ್ಟೇ ಗಟ್ಟಿ ಜನ. ಒಂದು ಕಾಲದ ತನ್ನ ಹಾಡನ್ನು ಈಗ ಯಾರೋ ಮಾಳಿಗೆಯವ ನಿಧಾನ ಎಂದು ಹೇಳಲು ಬಂದರೆ ಯಾರು ಒಪ್ಪುತ್ತಾರೆ? ನಾನು ಅವರ ಕಷ್ಟ ಕಳೆಯಲು ಹೊರಟಿದ್ದೆ, ಅವರಿಗೆ ಅದು ಕಿರೀಟ ಕಸಿದ ಹಾಗೆ ಕಾಣುತ್ತಿತ್ತು.

“ವಾದ ಬೇಡ,” ಎಂದರು ಉಮ್ಮ. “ಹಾಡ್ಲಿಕ್ಕೆ ನನ್ನಿಂದ ಆಗುದಿಲ್ಲ, ಮಗುವಿಗೆ ಹೇಳಿ ಆಗಿದೆ. ಒಮ್ಮೆ ಚಿತ್ರ ನೋಡಿ ಹೋಗುವ ಅಂತ ಬಂದದ್ದು.”

ಹಾಡಿನ ಭಾಗವನ್ನು ಮಾತ್ರ, ಸುರುವಿನಿಂದ ಕೊನೆಯವರೆಗೆ, ಬೇರೆಯೇ ಏರಿಸಿ ಇಟ್ಟಿದ್ದೆ. ಮಾನಿಟರನ್ನು ಉಮ್ಮನ ಕಡೆಗೆ ತಿರುಗಿಸಿ, ಬೈರಾಸು ತೆಗೆದು, ಓಡಿಸಿ, ನಾನು ಬಾಗಿಲ ಕಡೆ ಮುಖ ಮಾಡಿ ಸ್ಟೂಲಿನಲ್ಲಿ ಕೂತೆ. ಬೆನ್ನ ಹಿಂದೆ ಇಲಿಗಳ ಮದುವೆ ಸುರುವಾಯಿತು.

“ಏನು ಕಾಣ್ತದೆ ಉಮ್ಮ?”

“ನೆಲ.”

ಸ್ವಲ್ಪ ಬಿಟ್ಟು, “ಈಗ ಫ್ಯಾನು. ಸೊಸೆಯ ಕೈ ಆಗಲೂ ಒಂದು ಕಡೆ ನಿಲ್ತಿರ್ಲಿಲ್ಲ.”

“ಜನ ಕಂಡ್ರೆ ಹೇಳಿ. ಕೈ ಅವಸರದಲ್ಲಿ ಆಡ್ತದಾ ನೋಡಿ.”

“ಅಲ್ಲಾ, ಇದು ನಾನಾ! ಎಷ್ಟು ಸಪೂರ ಇದ್ದೆ ಮೋನೇ! ಈ ಹಸಿರು ಸೀರೆ ಎಲ್ಲಿ ಹೋಯ್ತು ಮತ್ತೆ?”

“ಬಾಯಿ ಮತ್ತು ಸ್ವರ ಒಟ್ಟಿಗೆ ಹೋಗ್ತದಾ ಉಮ್ಮ?”

“ಇಷ್ಟು ಹೆಂಗಸರು ಸೇರಿದಲ್ಲಿ ಯಾರ ಬಾಯಿ, ಯಾರ ಸ್ವರ ಅಂತ ಯಾರು ಲೆಕ್ಕ ಇಡ್ತಾರೆ? ಸುಮ್ಮನೆ ಕೂರು, ನೋಡ್ಲಿಕ್ಕೆ ಬಿಡು.”

ಸುಮ್ಮನೆ ಕೂತೆ. ಕೆಳಗೆ ಬಸ್ಸುಗಳು ಹಾರ್ನ್ ಹಾಕುತ್ತಿದ್ದವು, ಬೇಕರಿಯಿಂದ ಪಫ್ಸ್ ವಾಸನೆ ಬರುತ್ತಿತ್ತು. ಅಡುಗೆಯವ ಮಗುವಿನ ಸ್ವರದಲ್ಲಿ ತುಪ್ಪ ಕೇಳಿದ. ಹಾಡು ಇನ್ನಷ್ಟು ಓಡಿ, ಕೊನೆಯ ಸಾಲಿಗೆ ಬಂದು, ಅದರಲ್ಲಿ ಒಂದು ಹೂವಿನ ಹೆಸರು ಮೂರು ಸಲ ಹೇಳಿ, ನಿಂತಿತು. ಸಂಪೂರ್ಣ ನಿಶ್ಶಬ್ದ. ಮುಗಿಯಿತು ಎಂದು ಏಳಲು ಹೊರಟೆ.

ಆಗ ಹಿಂದಿನಿಂದ ಇನ್ನೊಂದು ಸ್ವರ ಎದ್ದಿತು. ದಪ್ಪ ಸ್ವರ, ತುದಿಯಲ್ಲಿ ಸ್ವಲ್ಪ ಒಡೆದದ್ದು. ಮೊದಲು ಗುನುಗಿದ ಹಾಗೆ ಇತ್ತು, ಆಮೇಲೆ ಶಬ್ದಗಳು ಬಂದವು. ಈಗ ತಾನೇ ಇಲಿಗಳು ಕಚ್ಚಿಕೊಂಡು ಓಡಿದ ಸಾಲುಗಳೇ. ಆದರೆ ಒಂದೊಂದು ಶಬ್ದವೂ ಕೂತು, ಕಾಲು ನೀಡಿ, ಎದ್ದು ಹೋಗುತ್ತಿತ್ತು. ಅದಕ್ಕೆ ಸರಿಯಾಗಿ ಅಂಗೈಗೆ ಅಂಗೈ ತಟ್ಟುವ ಸದ್ದು. ಒಂದು ಕಡೆಯೂ ತಡವರಿಸಲಿಲ್ಲ. ಹೂವಿನ ಹೆಸರು ಮೂರು ಸಲ ಬಂತು. ಚಪ್ಪಾಳೆ ನಿಂತಿತು.

“ಮುಗೀತು,” ಎಂದರು ಉಮ್ಮ. “ಈಗ ನೀಲಿ ಬಣ್ಣ ಮಾತ್ರ ಕಾಣ್ತದೆ.”

“ಉಮ್ಮ, ಕಂಪ್ಯೂಟರಿನ ಸ್ವರ ಯಾವಾಗ ನಿಂತಿತು?”

“ನಿಂತಿತಾ?”

“ನಿಂತಿತು. ಅಲ್ಲಿಂದ ಮತ್ತೆ ಹಾಡಿದ್ದು ನೀವು.”

“ಯಾರು, ನಾನಾ? ಸುಮ್ಮನೆ ಏನಾದ್ರೂ ಹೇಳ್ಬೇಡ.”

“ಹಾಡಿದ್ದು ಹೌದು ಉಮ್ಮ,” ಎಂದು ಮೆಟ್ಟಿಲಿನ ನಡುವಿನಿಂದ ಸಾಹೇಬರ ಸ್ವರ ಬಂತು. “ನಾನೂ ಕೇಳಿದೆ.”

“ನೀನು ಯಾಕೆ ಅಲ್ಲಿ ನಿಂತದ್ದು? ಚಾ ಕುಡೀಲಿಕ್ಕೆ ಹೋದವ!”

“ಕುಡಿದೆ. ಗೋಡೆ ಕಡೆ ತಿರುಗಿ ನಿಂತಿದ್ದೇನೆ.”

ನನಗೆ ಆಗ ಟೇಪೂ ಬೇಡ, ಬೂಷ್ಟೂ ಬೇಡ, ತಂತಿಯೂ ಬೇಡವಾಯಿತು. ಚಿತ್ರದಲ್ಲಿ ಆಡುತ್ತಿದ್ದ ಬಾಯಿಗೆ ಸರಿಯಾಗಿ ಉಮ್ಮ ಹಾಡಿದ್ದರು. ಹಾಗಾದರೆ ಚಿತ್ರದ ಓಟ ಸರಿ ಉಂಟು, ಸ್ವರ ಮಾತ್ರ ಮೊದಲೇ ಓಡಿ ಮನೆ ಸೇರಿದೆ. ಆ ಕಾಲದ ಕ್ಯಾಮೆರಾದಲ್ಲಿ ಸ್ವರ ಹಿಡಿಯಲು ಎರಡು ದಾರಿ ಇತ್ತು. ಒಂದರಲ್ಲಿ ಪ್ರತಿ ಸೆಕೆಂಡನ್ನು ಮೂವತ್ತೆರಡು ಸಾವಿರ ಚೂರು ಮಾಡಿ ಇಡುತ್ತದೆ, ಇನ್ನೊಂದರಲ್ಲಿ ನಲವತ್ತೆಂಟು ಸಾವಿರ. ಸಾಹೇಬರು ಕ್ಯಾಮೆರಾವನ್ನು ಪೆಟ್ಟಿಗೆಯಿಂದ ತೆಗೆದ ಹಾಗೆಯೇ ಹೆಂಡತಿಯ ಕೈಗೆ ಕೊಟ್ಟಿದ್ದರು. ಅದು ಮೂವತ್ತೆರಡರಲ್ಲಿ ಇತ್ತು. ನನ್ನ ಕಂಪ್ಯೂಟರು ನಲವತ್ತೆಂಟು ಎಂದುಕೊಂಡು ಕೂತಿತ್ತು. ಮೂರು ಎಲೆಗೆ ಬಡಿಸಬೇಕಾದ ಊಟವನ್ನು ಎರಡೇ ಎಲೆಗೆ ಸುರಿದರೆ ಏನಾಗುತ್ತದೆ? ಎರಡು ಎಲೆಯಲ್ಲಿ ಅನ್ನ ಹರಿದು ಹೋಗುತ್ತದೆ, ಮೂರನೆಯ ಎಲೆ ಖಾಲಿ. ಆ ಖಾಲಿ ಎಲೆಯಲ್ಲಿ ಉಮ್ಮ ಹಾಡಿದ್ದು.

ಲೆಕ್ಕ ಬದಲಾಯಿಸಿ, ಹಾಡನ್ನು ಮತ್ತೊಮ್ಮೆ ಏರಿಸಿದೆ. ಉಮ್ಮ ಕಾದು ಕೂತರು. ಮತ್ತೆ ಬಾಗಿಲ ಕಡೆ ಮುಖ ಮಾಡಿ ಓಡಿಸಿದೆ. ಈ ಸಲ ಮನುಷ್ಯರ ಸ್ವರ ಬಂತು. ಅಡುಗೆಯವ ಗಂಡಸಾದ.

“ಇದು ಯಾರು?” ಎಂದರು ಉಮ್ಮ.

“ತುಪ್ಪ ಕೇಳಿದವ.”

“ಅವನಿಗೆ ಇಷ್ಟು ದೊಡ್ಡ ಸ್ವರ ಇತ್ತಾ!”

ತನ್ನ ಸ್ವರದ ಬಗ್ಗೆ ಏನೂ ಹೇಳಲಿಲ್ಲ. ಹಾಡು ಮುಗಿಯುವವರೆಗೂ ಹೇಳಲಿಲ್ಲ. ನನಗೆ ಹೊಗಳಿಕೆ ಬೇಕಾಗಿತ್ತೆಂದಲ್ಲ, ಆದರೂ ಇಷ್ಟು ದಿನ ಒದ್ದಾಡಿದವ ಒಂದು ಮಾತು ಕಾಯುತ್ತಾನೆ.

“ಸರಿ ಉಂಟಾ ಉಮ್ಮ?”

“ಇಷ್ಟು ನಿಧಾನ ಇದ್ದದ್ದಾ ನಾನು? ನಿದ್ದೆ ಬಂದವಳ ಹಾಗೆ ಉಂಟು. ಮಗ ದುಬೈಗೆ ಹೋಗಿ ಬರಬಹುದು ಒಂದು ಸಾಲು ಮುಗಿಯುವಾಗ.”

“ಇದೇ ಸರಿಯಾದದ್ದು.”

“ನಿನ್ನ ಕಂಪ್ಯೂಟರಿಗೆ ಸರಿ ಇರಬಹುದು. ಎರಡೂ ಹಾಕಿ ಕೊಡು. ಮಕ್ಕಳು ಆ ಮೊದಲಿನದ್ದೇ ಕೇಳಿಕೊಂಡು ಕಲ್ತಿದ್ದಾರೆ, ಅವರಿಗೆ ಅದೇ ಇರ್ಲಿ.”

“ನೀವು ಹಾಡ್ತೀರಲ್ಲ?”

ಉಮ್ಮ ಬುರ್ಖಾ ಸರಿಮಾಡಿಕೊಂಡು ಎದ್ದರು. “ನೋಡುವ,” ಎಂದರು. ನಮ್ಮ ಕಡೆ ‘ನೋಡುವ’ ಎಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ. ಕೇಳಿದವನ ಬಾಯಿ ಮುಚ್ಚಿತು ಎಂದಷ್ಟೇ ಅರ್ಥ.

ಆ ಮದುವೆಯ ಗಂಡಸರ ಕಡೆಯ ವಿಡಿಯೋ ಕೆಲಸ ನನಗೇ ಬಂತು. ಡ್ರೋನಿನ ಹುಡುಗರನ್ನು ಬಿಟ್ಟು ನನ್ನನ್ನು ಕರೆದದ್ದು ಯಾಕೆಂದು ಕೇಳಿದೆ. “ಬೇಡದ ಕಡೆ ನೋಡದ ಕ್ಯಾಮೆರಾಮ್ಯಾನ್ ನೀವೊಬ್ಬರೇ ಅಣ್ಣ,” ಎಂದರು ಸಾಹೇಬರು. ಇಷ್ಟು ವರ್ಷ ಕಣ್ಣನ್ನು ನಂಬಿ ಬದುಕಿದವನಿಗೆ ಕಡೆಗೆ ಸಿಕ್ಕಿದ ಸರ್ಟಿಫಿಕೇಟು ಅದು.

ಮದುವೆಯ ದಿನ ಹಾಲ್‌ನ ನಡುವೆ ಪ್ಲೈವುಡ್ಡಿನ ಅಡ್ಡಗೋಡೆ. ಈಚೆ ಮದುಮಗ, ಅವನ ಸ್ನೇಹಿತರು, ಘಮಘಮಿಸುವ ನೆಯ್‌ಚೋರಿನ, ಎಂದರೆ ತುಪ್ಪದನ್ನದ, ಹಂಡೆ. ಆಚೆ ಹೆಂಗಸರು. ಮದುಮಗ ಊಟಕ್ಕೆ ಕೂರಲು ಕೈ ತೊಳೆಯುತ್ತಿದ್ದ, ನಾನು ಅದನ್ನು ಹಿಡಿಯುತ್ತಿದ್ದೆ. ಆಗ ಗೋಡೆಯ ಆಚೆ ಗದ್ದಲ ತಗ್ಗಿತು. ಉಮ್ಮನ ಸ್ವರ ಕೇಳಿತು, ಮೊದಲ ಸಾಲು. ನೀರು ಹೊಯ್ಯುತ್ತಿದ್ದ ಸಾಹೇಬರ ಕೈ ಹಾಗೆಯೇ ನಿಂತಿತು. ಮದುಮಗ ಖಾಲಿ ಕೈ ಉಜ್ಜುತ್ತಾ ಇದ್ದ.

ಎರಡನೆಯ ಸಾಲಿಗೆ ಹುಡುಗಿಯರ ಚಪ್ಪಾಳೆ ಸೇರಿಕೊಂಡಿತು. ಸೇರಿಕೊಂಡು ಓಡಿತು. ನನ್ನ ಕಂಪ್ಯೂಟರು ಕಲಿಸಿದ ಓಟ ಅದು, ಕಿವಿಗೆ ಕೂಡಲೇ ಗುರುತು ಸಿಕ್ಕಿತು. ಉಮ್ಮ ಅದರ ಹಿಂದೆ ಹೋದರು. ಮೂರನೆಯ ಸಾಲಿನಲ್ಲಿ ಉಸಿರು ಕೇಳಿತು. ನಾಲ್ಕನೆಯದರ ನಡುವೆ ಸ್ವರ ನಿಂತಿತು.

ಚಪ್ಪಾಳೆಯೂ ಒಂದೊಂದಾಗಿ ನಿಂತಿತು. ಸಾಹೇಬರು ನನ್ನ ಮುಖ ನೋಡಿದರು. ಯಾವುದಕ್ಕೆ ಹೆದರಿ ಉಮ್ಮ ಫೋನು ಕವುಚಿ ಇಟ್ಟಿದ್ದರೋ ಅದೇ ಆಗಿತ್ತು, ಅಷ್ಟು ಜನರ ಎದುರು. ನನಗೆ ಅಲ್ಲಿ ಮಾಡಲು ಏನೂ ಇರಲಿಲ್ಲ. ಯಾವ ಗುಂಡಿಯೂ ಇರಲಿಲ್ಲ.

“ಎಲ್ಲಿಗೆ ಓಡುದು ನೀವೆಲ್ಲ?”

ಉಮ್ಮನ ಸ್ವರ. ಹಾಡುವಾಗಿನದಕ್ಕಿಂತ ದೊಡ್ಡದು.

“ಕಡೇ ಬಸ್ಸು ತಪ್ತದಾ ನಿಮಗೆ? ಮದುಮಗಳು ಇಲ್ಲೇ ಕೂತಿದ್ದಾಳೆ, ಊಟ ಇನ್ನೂ ಬಡಿಸ್ಲಿಲ್ಲ. ಯಾರು ಕಲ್ಸಿದ್ದು ಹೀಗೆ ತಟ್ಟಲಿಕ್ಕೆ?”

“ನೀವೇ ಉಮ್ಮ,” ಎಂದಿತು ಒಂದು ಹುಡುಗಿಯ ಸ್ವರ. “ಫೋನಿನಲ್ಲಿ ನೀವು ಹಾಡಿದ್ದಲ್ವಾ?”

“ಅದು ಮಿಷನಿನ ತಪ್ಪು! ಆ ಸ್ಟುಡಿಯೋದವ ಅಷ್ಟು ಸರ್ತಿ ಬಡ್ಕೊಂಡಿದ್ದಾನೆ, ನಿಮಗೆ ಯಾರಿಗೂ ತಲೆಗೆ ಹೋಗ್ಲಿಲ್ಲ. ಕೈ ಕೆಳಗೆ ಇಡಿ ಎಲ್ಲರೂ. ನಾನು ತಟ್ಟುದು ನೋಡಿ. ಹೀಗೆ. ಹಾಂ. ಅವಸರ ಇದ್ದವರು ಎದ್ದು ಹೋಗಿ ಊಟ ಮಾಡಿ.”

ಯಾರೂ ಏಳಲಿಲ್ಲವೆಂದು ಕಾಣುತ್ತದೆ. ಒಂದು ಚಪ್ಪಾಳೆ ಕೇಳಿತು, ಒಬ್ಬರದ್ದೇ. ಬಹಳ ಹೊತ್ತು ಅದೊಂದೇ ಇತ್ತು. ಆಮೇಲೆ ನಾಲ್ಕು ಸೇರಿದವು, ಆಮೇಲೆ ಎಲ್ಲ. ಉಮ್ಮ ಮೊದಲ ಸಾಲಿನಿಂದ ತಿರುಗಿ ಎತ್ತಿಕೊಂಡರು. ಶಬ್ದಗಳು ಕೂತು ಎದ್ದು ಹೋದವು. ಈಚೆ ನೆಯ್‌ಚೋರು ಆರುತ್ತಾ ಇತ್ತು, ಬಡಿಸುವವರು ಸೌಟು ಹಿಡಿದು ನಿಂತೇ ಇದ್ದರು, ಮದುಮಗನ ಕೈ ಒಣಗಿತ್ತು. ಹೂವಿನ ಹೆಸರು ಮೂರು ಸಲ ಬರುವವರೆಗೆ ಸಾಹೇಬರು ಯಾರಿಗೂ ಬಡಿಸಲು ಬಿಡಲಿಲ್ಲ.

ಮದುಮಗ ಕೈ ತೊಳೆಯುವ ದೃಶ್ಯದ ಹಿಂದೆ ಇಡೀ ಬೈಗುಳ ನನ್ನ ಮೈಕಿಗೆ ಸ್ಪಷ್ಟವಾಗಿ ಸಿಕ್ಕಿತ್ತು. ಎಡಿಟಿಂಗಿಗೆ ಕೂತಾಗ ಅದನ್ನು ತೆಗೆದು ಅಲ್ಲಿಗೊಂದು ವಾದ್ಯದ ಸದ್ದು ಹಾಕಲೇ ಎಂದು ಸಾಹೇಬರಲ್ಲಿ ಕೇಳಿದೆ. ಅವರು ಉಮ್ಮನಲ್ಲಿ ಕೇಳಿ ಫೋನ್ ಮಾಡಿದರು.

“ಹಾಗೆಯೇ ಇರ್ಲಿ ಅಂತೆ,” ಎಂದರು. “ಆದ್ರೆ ಬೈಯುವಾಗ ಸ್ವರ ಸ್ವಲ್ಪ ದಪ್ಪ ಆಯ್ತು, ತೆಳು ಮಾಡ್ಲಿಕ್ಕೆ ಆಗ್ತದಾ ಅಂತ ಕೇಳಿದ್ದಾರೆ.”

ಆಗುತ್ತದೆ. ಹೇಗೆಂದು ನನಗೆ ಈಗ ಚೆನ್ನಾಗಿ ಗೊತ್ತು. ಆಗುವುದಿಲ್ಲ ಎಂದು ಹೇಳಿದೆ.